ಉಳಿತಾಯ ಹೆಚ್ಚಿಸಿದರೂ ಬೆಳವಣಿಗೆ ದರ ಹೆಚ್ಚುವುದಿಲ್ಲ ಎಂದಾದರೆ, ದೀರ್ಘಾವಧಿ ಬೆಳವಣಿಗೆ ಎಲ್ಲಿಂದ ಬರುತ್ತದೆ?

ಆರ್ಥಿಕತೆ ಹೇಗೆ ಬೆಳೆಯುತ್ತದೆ ಎಂದು ಉಳಿತಾಯ, ಬಂಡವಾಳ, ತಂತ್ರಜ್ಞಾನದ ಮೂಲಕ ವಿವರಿಸುವ ಸೋಲೋ ಮಾದರಿ ಓದಿದವರೆಲ್ಲ ಕೇಳಲೇಬೇಕಾದ ಪ್ರಶ್ನೆಯನ್ನು ನೀವು ಕೇಳಿದ್ದೀರಿ. ಚಿಕ್ಕ ಉತ್ತರ: ಉಳಿತಾಯ ಆದಾಯದ ಮಟ್ಟವನ್ನು ಎತ್ತುತ್ತದೆ, ವೇಗವನ್ನು ಎತ್ತುವುದು ತಂತ್ರಜ್ಞಾನ. ನಾನು ಕೋಲಾರದಲ್ಲಿ ಡಿಗ್ರಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಇಲ್ಲಿ ಎಲ್ಲರಿಗೂ ಗೊತ್ತಿರುವ ಟೊಮೆಟೊ ತೋಟದಿಂದಲೇ ಶುರು ಮಾಡುವುದು ನನ್ನ ರೂಢಿ.

ಎರಡು ಎಕರೆ ಹೊಲ. ಮೊದಲ ಬೋರ್‌ವೆಲ್ ಬಂದಾಗ ಮಳೆ ನಂಬಿದ್ದ ನೆಲ ತೋಟವಾಗುತ್ತದೆ. ಎರಡನೆಯದು ಬೇಸಿಗೆ ಬೆಳೆಯನ್ನು ಉಳಿಸುತ್ತದೆ. ಮೂರನೆಯದರಿಂದ ಹೆಚ್ಚುವ ಇಳುವರಿ ಅಷ್ಟಕ್ಕಷ್ಟೆ. ಆದರೆ ಮೋಟಾರು ಸುಟ್ಟರೆ, ಪೈಪು ಹೋದರೆ ಖರ್ಚು ಮೂರಕ್ಕೂ ಒಂದೇ. ಹೀಗೇ ಹೋದರೆ ವರ್ಷದ ಉಳಿತಾಯವೆಲ್ಲ ಹಳೆಯದರ ರಿಪೇರಿಗೇ ಸರಿಹೋಗುವ ಹಂತ ಬರುತ್ತದೆ. ಹೀಗೆ ಬಂಡವಾಳ ಹೆಚ್ಚಿದಂತೆ ಹೆಚ್ಚುವರಿ ಇಳುವರಿ ತಗ್ಗುವ ಇಳಿಮುಖ ಪ್ರತಿಫಲವೂ ಇದ್ದದ್ದು ಸವೆಯುವ ಸವಕಳಿಯೂ ಸೇರಿ ತಂದು ನಿಲ್ಲಿಸುವ ಈ ಹಂತಕ್ಕೇ ಸ್ಥಿರ ಸ್ಥಿತಿ ಎನ್ನುವುದು.

ಲೆಕ್ಕ ಹಾಕಿ ನೋಡಿದರೆ ಇನ್ನೂ ಸ್ಪಷ್ಟ. ಉತ್ಪನ್ನದಲ್ಲಿ ಬಂಡವಾಳದ ಪಾಲು ಮೂರನೇ ಒಂದು ಎಂದು ಹಿಡಿಯಿರಿ. ಉಳಿತಾಯ ದರವನ್ನು ಶೇ 20ರಿಂದ 30ಕ್ಕೆ ಏರಿಸಿದರೆ ತಲಾ ಉತ್ಪನ್ನ ಕೊನೆಗೆ ಸುಮಾರು ಶೇ 22ರಷ್ಟು ಏರಿ ಅಲ್ಲೇ ನಿಲ್ಲುತ್ತದೆ. ತಂತ್ರಜ್ಞಾನ ವರ್ಷಕ್ಕೆ ಶೇ 2ರಷ್ಟು ಸುಧಾರಿಸುತ್ತಿದ್ದರೆ ಅದೇ ಉತ್ಪನ್ನ ಸುಮಾರು 35 ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತ ಹೋಗುತ್ತದೆ.

ಡ್ರಿಪ್, ಮಲ್ಚಿಂಗ್ ಶೀಟ್, ಹೈಬ್ರಿಡ್ ತಳಿ, ಇರುವ ನೀರಿನಲ್ಲೇ ಹೆಚ್ಚು ಬೆಳೆಯುವ ಜಾಣ್ಮೆ, ಇವೆಲ್ಲವೂ ಮಾದರಿಯ ಸಮೀಕರಣದಲ್ಲಿ ತಂತ್ರಜ್ಞಾನವನ್ನು ಸೂಚಿಸುವ 'ಎ' ಎಂಬ ಒಂದೇ ಅಕ್ಷರದೊಳಗೆ ಅಡಗಿವೆ. 1956ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ, ಅದೇ ವರ್ಷ ಆಸ್ಟ್ರೇಲಿಯಾದ ಟ್ರೆವರ್ ಸ್ವಾನ್, ಈ ಮಾದರಿ ಕಟ್ಟಿದರು. 'ಎ' ಏಕೆ ಬೆಳೆಯುತ್ತದೆ ಎಂಬುದು ಅದರೊಳಗಿಲ್ಲ. ಮರುವರ್ಷ ಸೋಲೋ ಅಮೆರಿಕದ 1909-49ರ ಅಂಕಿಅಂಶ ತೆಗೆದು ನೋಡಿದರು. ಒಂದು ಗಂಟೆ ದುಡಿಮೆಯ ಉತ್ಪನ್ನ ಆ ಅವಧಿಯಲ್ಲಿ ಸುಮಾರು ದುಪ್ಪಟ್ಟಾಗಿತ್ತು. ಆ ಏರಿಕೆಯಲ್ಲಿ ಬಂಡವಾಳ ಹೆಚ್ಚಿದ್ದರಿಂದ ಬಂದದ್ದು ಬರೀ ಎಂಟನೇ ಒಂದು. ಮಿಕ್ಕ ಶೇ 87.5 ಕಾರಣ ಹೇಳದ 'ಎ'ಯದು! ನನಗೆ ಈ ವಿಷಯದ ಗೀಳು ಹಿಡಿದದ್ದೇ ಈ ಅಂಕಿ ನೋಡಿ.

ಆ 'ಎ'ಯನ್ನು ಮಾದರಿಯ ಒಳಗೆ ತಂದವರಲ್ಲಿ ಪಾಲ್ ರೋಮರ್ ಪ್ರಮುಖರು. 1990ರ ಅವರ ವಾದದ ತಿರುಳು ಇಷ್ಟು: ಡ್ರಿಪ್ ಪೈಪು ಒಬ್ಬರ ಹೊಲದಲ್ಲಿದ್ದರೆ ಇನ್ನೊಬ್ಬರಿಗಿಲ್ಲ, ಡ್ರಿಪ್ಪಿನ ವಿದ್ಯೆಯನ್ನು ಮುಳಬಾಗಿಲಿನವರು ಬಳಸಿದರೆ ಶ್ರೀನಿವಾಸಪುರದವರಿಗೆ ಅದು ಕಮ್ಮಿಯಾಗುವುದಿಲ್ಲ. ಹಾಗಾಗಿ ಜ್ಞಾನ ಇಳಿಮುಖ ಪ್ರತಿಫಲದ ಹಿಡಿತಕ್ಕೆ ಸಿಗದೆ ಮುಂದುವರಿಯಬಲ್ಲದು. ಆದರೆ ಕಂಡುಹಿಡಿಯಲು ದುಡ್ಡು ಹಾಕಿದವರಿಗೆ ಲಾಭ ಬೇಕಲ್ಲ. ಪೇಟೆಂಟು, ಸಂಶೋಧನಾ ವೆಚ್ಚ ಮಾದರಿಯೊಳಕ್ಕೆ ಬರುವುದು ಹೀಗೆ. ಹೊಸದು ಹಳೆಯದನ್ನು ಕೆಡವಿಯೇ ಬೆಳೆಯುತ್ತದೆ ಎಂಬುದನ್ನು 1992ರಲ್ಲಿ ಅರ್ಥಶಾಸ್ತ್ರಜ್ಞರಾದ ಫಿಲಿಪ್ ಅಗಿಯೋನ್ ಮತ್ತು ಪೀಟರ್ ಹಾವಿಟ್ ಗಣಿತಕ್ಕೆ ಇಳಿಸಿದರು. 2025ರ ಅರ್ಥಶಾಸ್ತ್ರದ ನೊಬೆಲ್ ಅವರಿಬ್ಬರಿಗೂ ಇತಿಹಾಸಕಾರ ಜೋಯೆಲ್ ಮೋಕಿರ್‌ಗೂ ಸಿಕ್ಕಿತು.

ಆದರೂ ನನಗೊಂದು ಗಟ್ಟಿ ತಕರಾರಿದೆ. ಪಠ್ಯದ ಸೋಲೋ ಮಾದರಿಯಲ್ಲಿ ಬೋರ್‌ವೆಲ್ ಬಂಡವಾಳ, ಅದರ ಸವಕಳಿಗೂ ಲೆಕ್ಕವಿದೆ. ಕೆಳಗಿನ ಅಂತರ್ಜಲಕ್ಕೆ ಜಾಗವೇ ಇಲ್ಲ. ಸ್ಥಿರ ಸ್ಥಿತಿ ತಲುಪಿದ ಆರ್ಥಿಕತೆ ಅಲ್ಲೇ ನಿಲ್ಲುತ್ತದೆ, ಕೆಳಗಿಳಿಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದರೂ ನೀರು ಬೀಳದ ಕಡೆಗಳಿವೆ. ಕೆಜಿಎಫ್‌ಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂತು, ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಇಷ್ಟೆಲ್ಲ ತಂತ್ರಜ್ಞಾನವಿದ್ದರೂ ಅದಿರಿನಲ್ಲಿ ಚಿನ್ನ ತೆಳುವಾಗುತ್ತ ಬಂದು 2001ರಲ್ಲಿ ಮುಚ್ಚಿತು. ಇಂಥ ಮುಗಿದುಹೋಗುವ ಸಂಪತ್ತನ್ನು ಬೆಳವಣಿಗೆ ಮಾದರಿಗೆ ಸೇರಿಸುವ ಕೆಲಸವನ್ನು 1974ರಲ್ಲಿ ಪಾರ್ಥ ದಾಸ್‌ಗುಪ್ತ, ಜೆಫ್ರಿ ಹೀಲ್, ಜೋಸೆಫ್ ಸ್ಟಿಗ್ಲಿಟ್ಸ್, ಸ್ವತಃ ಸೋಲೋ ಮಾಡಿದರು. ಸಂಪನ್ಮೂಲ ಕರಗುತ್ತ ಹೋದಂತೆ ಅದರ ಜಾಗವನ್ನು ಬಂಡವಾಳ ಎಷ್ಟರಮಟ್ಟಿಗೆ ತುಂಬಬಲ್ಲದು ಎಂಬುದೇ ಅಲ್ಲಿನ ಮುಖ್ಯ ಪ್ರಶ್ನೆ. ನಮ್ಮ ಮಕ್ಕಳಿಗೆ ಸೋಲೋ ಪಾಠ ಮುಗಿದ ಕೂಡಲೇ ನಾನು ಅದನ್ನು ಹೇಳಿಕೊಡುತ್ತೇನೆ. ನೀವೂ ಮುಂದೆ ಅದನ್ನೇ ಓದಿ.