ಹಿಂದಿನ ಬ್ರೇಕ್ ಪ್ಯಾಡ್ ಬದಲಿಸುವಾಗ ಪಿಸ್ಟನ್ ಒಳಗೆ ಸರಿಯದಿದ್ದರೆ

ಸಿ-ಕ್ಲ್ಯಾಂಪ್‌ನಿಂದ ಎಷ್ಟು ಒತ್ತಿದರೂ ಹಿಂದಿನ ಕ್ಯಾಲಿಪರ್‌ನ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಪಿಸ್ಟನ್ ಒಳಗೆ ಹೋಗುತ್ತಿಲ್ಲ ಎಂದಿದ್ದೀರಿ; ಹ್ಯಾಂಡ್‌ಬ್ರೇಕ್ ಕೇಬಲ್ ಅದೇ ಕ್ಯಾಲಿಪರ್‌ಗೆ ಬಂದು ಸೇರುತ್ತಿದ್ದರೆ, ಅದು ಒತ್ತುತ್ತಲೇ ತಿರುಗಿಸಿ ಒಳಗೆ ಕಳುಹಿಸಬೇಕಾದ ಪಿಸ್ಟನ್ ಆಗಿರುವ ಸಾಧ್ಯತೆಯೇ ಹೆಚ್ಚು. ದಯವಿಟ್ಟು ಇನ್ನು ಬಲ ಹಾಕಬೇಡಿ. ಒಳಗಿನ ಸ್ಕ್ರೂ ಕೆಟ್ಟರೆ ಇಡೀ ಕ್ಯಾಲಿಪರನ್ನೇ ಬದಲಿಸಬೇಕಾಗಬಹುದು.

ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಕಾರು ಜಾಕ್ ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಂತಿದೆಯೆಂದು ಖಚಿತಪಡಿಸಿಕೊಂಡ ನಂತರ ಹ್ಯಾಂಡ್‌ಬ್ರೇಕನ್ನು ಪೂರ್ತಿ ಇಳಿಸಿ. ಕ್ಯಾಲಿಪರನ್ನು ಹೋಸ್‌ನಲ್ಲಿ ನೇತಾಡಲು ಬಿಡದೆ ತಂತಿಯಿಂದ ಕಟ್ಟಿಡಿ. ಬ್ರೇಕ್ ಆಯಿಲ್ ಡಬ್ಬಿ ತುಂಬಿದ್ದರೆ ಸ್ವಲ್ಪ ಹೊರತೆಗೆಯಿರಿ, ಏಕೆಂದರೆ ಪಿಸ್ಟನ್ ಹಿಂದೆ ಸರಿದಂತೆ ಅದು ಉಕ್ಕಿ ಕಾರಿನ ಬಣ್ಣವನ್ನು ಕೆಡಿಸುತ್ತದೆ. ಬಳಿಕ ಪಿಸ್ಟನ್ ಮುಖದ ಗುಳಿಗಳಿಗೆ ಹೊಂದುವ ಉಪಕರಣದಿಂದ, ಒತ್ತಡ ಬಿಡದೆ, ನಿಧಾನವಾಗಿ ತಿರುಗಿಸಿ. ಸಾಮಾನ್ಯವಾಗಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಕೆಲವು ಕಾರುಗಳಲ್ಲಿ ಒಂದು ಬದಿಯದು ವಿರುದ್ಧ ದಿಕ್ಕಿಗಿರುವುದರಿಂದ ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿಯನ್ನು ನೋಡಿಕೊಳ್ಳಿ. ಹೊರಗಿನ ರಬ್ಬರ್ ಹೊದಿಕೆ ಜೊತೆಯಲ್ಲೇ ತಿರುಚಿಕೊಳ್ಳದಂತೆ ಗಮನವಿಡಿ.

ಹ್ಯಾಂಡ್‌ಬ್ರೇಕ್ ಲಿವರ್ ಬದಲು ಗುಂಡಿಯದಾಗಿದ್ದರೆ ಈ ವಿಧಾನ ಬೇಡ. ಹ್ಯಾಂಡ್‌ಬ್ರೇಕಿನ ಮೋಟಾರನ್ನು ಹಿಂದಕ್ಕೆ ಸರಿಸುವ ಸರ್ವಿಸ್ ಮೋಡ್‌ಗೆ ಕಾರನ್ನು ಹಾಕಿದ ಮೇಲಷ್ಟೇ ಪಿಸ್ಟನ್ ಮುಟ್ಟಬೇಕು.

ಎರಡೂ ಬದಿಯ ಪ್ಯಾಡ್ ಬದಲಿಸಿ, ಬೋಲ್ಟ್‌ಗಳನ್ನು ಕೈಪಿಡಿ ಹೇಳಿದ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಬಿಗಿ ಮಾಡಿ. ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೂ ತುಳಿದು, ಆಯಿಲ್ ಮಟ್ಟವನ್ನು ಮತ್ತೆ ನೋಡಿ.