ದಾನಿಯ ಶ್ವಾಸಕೋಶವನ್ನು ಕಸಿಯವರೆಗೆ ಹೇಗೆ ಕಾಪಾಡುತ್ತಾರೆ? ಅದರಲ್ಲಿ ಗಾಳಿ ತುಂಬಿಸಿಡುತ್ತಾರಂತೆ, ಯಾಕೆ?

ತಂಪು ಮಾಡಿ, ಗಾಳಿ ತುಂಬಿ ಇಡುತ್ತಾರೆ. ಗಾಳಿ ಯಾಕೆಂದರೆ, ತೆಗೆದ ಮೇಲೂ ಶ್ವಾಸಕೋಶ ಅದನ್ನು ಬಳಸುತ್ತಲೇ ಇರುತ್ತದೆ.

ರಕ್ತ ನಿಂತರೆ ಕಿಡ್ನಿಗೆ ಆಕ್ಸಿಜನ್ ಸಿಗುವ ದಾರಿಯೇ ಮುಚ್ಚಿಹೋಗುತ್ತದೆ, ಅಲ್ವಾ? ಶ್ವಾಸಕೋಶ ಹಾಗಲ್ಲ. ಅದರ ಪುಟ್ಟ ಗಾಳಿಚೀಲಗಳ ಗೋಡೆ ತುಂಬಾ ತೆಳು. ಒಳಗಿರುವ ಗಾಳಿಯಿಂದಲೇ ಜೀವಕೋಶಗಳು ನೇರವಾಗಿ ಆಕ್ಸಿಜನ್ ಎಳೆದುಕೊಳ್ಳುತ್ತವೆ. ನನಗಂತೂ ಇದು ದೊಡ್ಡ ಬೆರಗು.

ಮೊದಲು ರಕ್ತನಾಳದೊಳಗೆ ತಣ್ಣನೆಯ ದ್ರಾವಣ ಹಾಯಿಸುತ್ತಾರೆ. ರಕ್ತ ತೊಳೆದುಹೋಗಿ ಶ್ವಾಸಕೋಶ ಕಣ್ಣೆದುರೇ ಬೆಳ್ಳಗಾಗುತ್ತದೆ. ಆಮೇಲೆ ಆಕ್ಸಿಜನ್ ಜಾಸ್ತಿ ಇರುವ ಗಾಳಿ ಊದಿ, ಶ್ವಾಸನಾಳಕ್ಕೆ ಸ್ಟೇಪಲ್ ಹೊಡೆದು ಮುಚ್ಚುತ್ತಾರೆ. ಪೂರ್ತಿ ಉಬ್ಬಿಸುವುದಿಲ್ಲ. ವಿಮಾನದಲ್ಲಿ ಸಾಗಿಸುವಾಗ ಒಳಗಿನ ಗಾಳಿ ಹಿಗ್ಗಿ ಪೆಟ್ಟಾಗಬಹುದು. ಕೊನೆಗೆ ಒಂದರೊಳಗೊಂದು ಚೀಲದಲ್ಲಿಟ್ಟು ಐಸ್ ಪೆಟ್ಟಿಗೆಗೆ. ತಂಪಿನಲ್ಲಿ ಜೀವಕೋಶಗಳ ಹಸಿವು ತಗ್ಗುತ್ತದೆ. ಹೀಗೆ ಸುಮಾರು 6ರಿಂದ 8 ಗಂಟೆ ಇಡಬಹುದು.

ಆದರೆ ತೀರಾ ತಣ್ಣಗಾದರೂ ಕಷ್ಟ. ಜೀವಕೋಶದಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳು ಸೊರಗುತ್ತವೆ. ಐಸ್‌ಗಿಂತ ಸ್ವಲ್ಪ ಬೆಚ್ಚಗೆ, 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ ಅವು ಚೆನ್ನಾಗಿ ಉಳಿಯುತ್ತವೆ ಎಂದು ಕೆನಡಾದ ಟೊರಾಂಟೊ ತಂಡ 2021ರಲ್ಲಿ ತೋರಿಸಿತು. ಇದರಿಂದ ದೊಡ್ಡ ಅನುಕೂಲವಾಗಿದೆ. ರಾತ್ರಿ ಬಂದ ಶ್ವಾಸಕೋಶವನ್ನು ಬೆಳಗಿನವರೆಗೆ ಇಟ್ಟು, ನಿದ್ದೆ ಮಾಡಿ ಎದ್ದ ವೈದ್ಯರ ತಂಡವೇ ಕಸಿ ಮಾಡಬಹುದು.