ರೆಡ್‌ಮೈನ್‌ನಲ್ಲಿ ದುಪ್ಪಟ್ಟಾದ ಟೈಮ್ ಎಂಟ್ರಿಗಳನ್ನು ಒಟ್ಟಿಗೆ ಅಳಿಸೋದು ಹೇಗೆ?

ಒಂದೊಂದಾಗಿ ಅಳಿಸುತ್ತಾ ಕೂರಬೇಡಿ, ಒಟ್ಟಿಗೇ ಆಗುತ್ತೆ. ರೆಡ್‌ಮೈನ್ ಅಂದ್ರೆ ಪ್ರಾಜೆಕ್ಟ್ ಕೆಲಸಗಳ ಲೆಕ್ಕ ಇಡೋ ಸಾಫ್ಟ್‌ವೇರ್, ಯಾವ ಕೆಲಸಕ್ಕೆ ಎಷ್ಟು ಗಂಟೆ ಹಿಡೀತು ಅಂತ ಅದರಲ್ಲಿ ಬರೆದಿಡೋ ದಾಖಲೆಯೇ ಟೈಮ್ ಎಂಟ್ರಿ. ಗಂಟೆಗಳ ಪಟ್ಟಿಯಿದ್ದ ಒಂದೇ ಸಿಎಸ್‌ವಿ ಫೈಲು ಎರಡು ಸಲ ಇಂಪೋರ್ಟ್ ಆಗಿ ಇಡೀ ಟೀಮಿನ ಗಂಟೆಗಳು ಡಬಲ್ ಆಗಿವೆ, ಎಲ್ಲ ಸೆಲೆಕ್ಟ್ ಮಾಡಿದರೆ ಡಿಲೀಟ್ ಮಂಕಾಗಿ ಕಾಣುತ್ತೆ ಅಂದಿದ್ದೀರಿ. ನಮ್ಮ ಆಫೀಸಿನ ರೆಡ್‌ಮೈನ್ ನೋಡಿಕೊಳ್ಳೋದು ನಾನೇ, ಇದೇ ದೂರು ನನ್ನ ಹತ್ತಿರ ಆಗಾಗ ಬರುತ್ತಿರುತ್ತೆ.

ಮಂಕಾಗೋದಕ್ಕೆ ಕಾರಣ ಪರ್ಮಿಷನ್ನು. ರೆಡ್‌ಮೈನ್‌ನಲ್ಲಿ ಟೈಮ್ ಎಂಟ್ರಿ ಅಳಿಸೋಕೆ ಅಂತಲೇ ಬೇರೆ ಪರ್ಮಿಷನ್ ಇಲ್ಲ, ತಿದ್ದೋ ಹಕ್ಕಿದ್ದವರಿಗೆ ಅಳಿಸೋ ಹಕ್ಕೂ ಇರುತ್ತೆ. ಅದರಲ್ಲಿ ಎರಡು ಬಗೆ: 'ಎಡಿಟ್ ಓನ್ ಟೈಮ್ ಲಾಗ್ಸ್' ಇದ್ದರೆ ನಿಮ್ಮದು ಮಾತ್ರ, 'ಎಡಿಟ್ ಟೈಮ್ ಲಾಗ್ಸ್' ಇದ್ದರೆ ಎಲ್ಲರದ್ದೂ. ನೀವು ಆರಿಸಿಕೊಂಡ ಸಾಲುಗಳಲ್ಲಿ ನಿಮಗೆ ಹಕ್ಕಿಲ್ಲದ ಒಂದೇ ಒಂದು ಎಂಟ್ರಿ ಸೇರಿಕೊಂಡಿದ್ದರೂ ಡಿಲೀಟ್ ಕೆಲಸ ಮಾಡಲ್ಲ. ಬರೀ ನಿಮ್ಮ ಎಂಟ್ರಿಗಳನ್ನೇ ಸೆಲೆಕ್ಟ್ ಮಾಡಿ ನೋಡಿ, ಆಗ ಡಿಲೀಟ್ ಒತ್ತೋಕೆ ಬಂದರೆ ನಿಮಗಿರೋದು ಮೊದಲನೇ ಬಗೆಯ ಪರ್ಮಿಷನ್ ಅಂತ ಖಚಿತ. ಅಡ್ಮಿನ್ ಅವರಿಗೆ ಹೇಳಿ, ರೋಲ್ಸ್ ಅಂಡ್ ಪರ್ಮಿಷನ್ಸ್‌ನಲ್ಲಿ ನಿಮ್ಮ ರೋಲಿಗೆ ಎರಡನೆಯದನ್ನು ಟಿಕ್ ಮಾಡಿಸಿಕೊಳ್ಳಿ. ಕೆಲಸ ಆದಮೇಲೆ ತೆಗೆಸಿಬಿಡಿ. ಬೇರೆಯವರ ಗಂಟೆ ತಿದ್ದೋ ಅಧಿಕಾರ ಟೀಮಿನಲ್ಲಿ ಎಲ್ಲರ ಕೈಯಲ್ಲೂ ಇರೋದು ನನಗಂತೂ ಸರಿ ಕಾಣಲ್ಲ.

ಈಗ ಅಸಲಿ ಮತ್ತು ನಕಲಿ ಬೇರೆ ಮಾಡೋ ವಿಷಯ. ಪ್ರಾಜೆಕ್ಟಿನ ಸ್ಪೆಂಟ್ ಟೈಮ್ ಪುಟಕ್ಕೆ ಹೋಗಿ ಡೀಟೇಲ್ಸ್ ತೆರೆಯಿರಿ. ಡೇಟ್ ಪ್ರಕಾರ ಜೋಡಿಸಿದರೆ ಪ್ರಯೋಜನವಿಲ್ಲ, ಯಾಕಂದ್ರೆ ಅದು ಕೆಲಸ ಮಾಡಿದ ದಿನ, ಎರಡು ಪ್ರತಿಗಳಲ್ಲೂ ಒಂದೇ ಇರುತ್ತೆ. ಆಪ್ಷನ್ಸ್‌ನಲ್ಲಿ 'ಕ್ರಿಯೇಟೆಡ್' ಕಾಲಮ್ ಸೇರಿಸಿ, ಅದರ ತಲೆಬರಹ ಒತ್ತಿ ಹೊಸದು ಮೇಲೆ ಬರೋ ಹಾಗೆ ಜೋಡಿಸಿ. ಎರಡನೇ ಸಲ ಇಂಪೋರ್ಟ್ ಆದದ್ದೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿನ ಗುರುತು ಹೊತ್ತು ಸಾಲಾಗಿ ಸಿಗುತ್ತೆ. ಮೊದಲ ಸಾಲು ಕ್ಲಿಕ್ ಮಾಡಿ, ಶಿಫ್ಟ್ ಹಿಡಿದು ಕೊನೆಯ ಸಾಲು ಕ್ಲಿಕ್ ಮಾಡಿ, ರೈಟ್ ಕ್ಲಿಕ್, ಡಿಲೀಟ್. ಸೆಲೆಕ್ಷನ್ ಆ ಪುಟಕ್ಕೆ ಮಾತ್ರ ಸೀಮಿತ, ಹಾಗಾಗಿ ಕೆಳಗೆ ಪುಟಕ್ಕೆ 100 ಸಾಲು ಅಂತ ಇಟ್ಟುಕೊಂಡರೆ ಸುತ್ತು ಕಮ್ಮಿ.

ಆದರೆ ಡಿಲೀಟ್ ಒತ್ತೋ ಮುಂಚೆ ಅದೇ ಪುಟದ ಅಡಿಯಲ್ಲಿರೋ ಸಿಎಸ್‌ವಿ ಕೊಂಡಿಯಿಂದ ಪೂರ್ತಿ ಪಟ್ಟಿ ಇಳಿಸಿಟ್ಟುಕೊಳ್ಳಿ. ಇಲ್ಲಿ ರೀಸೈಕಲ್ ಬಿನ್ ಇಲ್ಲ, ಅನ್‌ಡು ಇಲ್ಲ. ಜಿರಾ ಅನ್ನೋ ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್‌ನಲ್ಲಾದರೆ ವರ್ಕ್‌ಲಾಗ್ (ಅಲ್ಲಿನ ಟೈಮ್ ಎಂಟ್ರಿ) ಅಳಿಸಿದ್ದು ಆ ಇಶ್ಯೂವಿನ, ಅಂದ್ರೆ ಗಂಟೆ ಬರೆದಿದ್ದ ಕೆಲಸದ, ಹಿಸ್ಟರಿಯಲ್ಲಿ ದಾಖಲಾಗುತ್ತೆ. ರೆಡ್‌ಮೈನ್‌ನಲ್ಲಿ ಟೈಮ್ ಎಂಟ್ರಿ ಹೋದರೆ ಇಶ್ಯೂವಿನ ಹಿಸ್ಟರಿಯಲ್ಲಿ ಒಂದು ಗೆರೆಯೂ ಉಳಿಯಲ್ಲ, ಒಟ್ಟು ಸ್ಪೆಂಟ್ ಟೈಮ್ ಸುಮ್ಮನೆ ಇಳಿದಿರುತ್ತೆ ಅಷ್ಟೆ. ನಾಳೆ ಯಾರಾದರೂ "ನನ್ನ ಎಂಟು ಗಂಟೆ ಎಲ್ಲಿ ಹೋಯ್ತು?" ಅಂತ ಬಂದರೆ ತೋರಿಸೋಕೆ ಆ ಸಿಎಸ್‌ವಿ ಒಂದೇ ಗತಿ. ಈ ಗಂಟೆಗಳ ಮೇಲೆ ಕ್ಲೈಂಟಿಗೆ ಬಿಲ್ ಹೋಗಿದ್ದರೆ ಅಕೌಂಟ್ಸ್‌ನವರಿಗೆ ಮೊದಲೇ ತಿಳಿಸಿ.

ಈ ಗಂಟೆಗಳು ದಾಖಲಾಗಿರೋ ಇಶ್ಯೂಗಳನ್ನೇ ಅಳಿಸಿದರೆ ಗಂಟೆಯೂ ಹೋಗುತ್ತಲ್ವಾ ಅಂತಲೂ ಕೇಳಿದ್ದೀರಿ. ತಾನಾಗಿ ಹೋಗಲ್ಲ. ಗಂಟೆ ದಾಖಲಾಗಿರೋ ಇಶ್ಯೂ ಅಳಿಸೋಕೆ ಹೋದರೆ ರೆಡ್‌ಮೈನ್ ತಡೆದು ಕೇಳುತ್ತೆ: ಆ ಗಂಟೆಗಳನ್ನೂ ಅಳಿಸಬೇಕಾ, ಪ್ರಾಜೆಕ್ಟಿನ ಲೆಕ್ಕಕ್ಕೆ ಹಾಕಬೇಕಾ, ಇನ್ನೊಂದು ಇಶ್ಯೂಗೆ ವರ್ಗಾಯಿಸಬೇಕಾ ಅಂತ. ನಿಮ್ಮ ವಿಷಯದಲ್ಲಿ ಅಸಲಿ ಎಂಟ್ರಿಗಳೂ ಅದೇ ಇಶ್ಯೂಗಳ ಮೇಲೆ ಕೂತಿವೆ, ಆ ದಾರಿಗೆ ಹೋಗಲೇಬೇಡಿ.

ಸಾವಿರಗಟ್ಟಲೆ ಸಾಲಿದ್ದರೆ ಅಡ್ಮಿನ್ ಹತ್ತಿರ ರೆಸ್ಟ್ ಎಪಿಐ (ಹೊರಗಿನ ಸ್ಕ್ರಿಪ್ಟ್ ರೆಡ್‌ಮೈನ್‌ಗೆ ಆದೇಶ ಕೊಡೋ ದಾರಿ) ಆನ್ ಮಾಡಿಸಿ, ಎಂಟ್ರಿಯ ಐಡಿ ಹಿಡಿದು ಸಣ್ಣ ಸ್ಕ್ರಿಪ್ಟ್‌ನಲ್ಲಿ ಅಳಿಸಬಹುದು. ಡೇಟಾಬೇಸಿಗೇ ನುಗ್ಗಿ ಸಾಲು ಕಿತ್ತುಹಾಕೋದು ಬೇಡ, ಕಸ್ಟಮ್ ಫೀಲ್ಡ್ (ನೀವೇ ಸೇರಿಸಿಕೊಂಡ ಹೆಚ್ಚುವರಿ ಮಾಹಿತಿ) ಇಟ್ಟಿದ್ದರೆ ಅದರ ಮೌಲ್ಯಗಳು ಬೇರೆ ಟೇಬಲ್ಲಿನಲ್ಲಿ ಅನಾಥವಾಗಿ ಉಳಿಯುತ್ತವೆ.